ಮೂರ್ಛೆರೋಗದ ಪುಟ್ಟ ಮಕ್ಕಳಿಗೆ ಕೀಟೋ ಪಥ್ಯ: ಅಪಾಯ ಇರುವುದು ಎಲ್ಲಿ

ಮಾಟುಂಗಾ, ಡೊಂಬಿವಲಿ, ಪುಣೆಯ ಕನ್ನಡ ಮನೆಗಳಲ್ಲಿ ಕೀಟೋ ಅಂದರೆ ಮೊದಲು ನೆನಪಾಗುವುದು ತೂಕ ಇಳಿಸುವವರ ಕೀಟೋ. ಸೊಸೈಟಿಯ ವಾಟ್ಸ್‌ಆಪ್ ಗುಂಪಿನಲ್ಲಿ ಅದರ ಚಾರ್ಟು ಓಡಾಡುತ್ತಿರುತ್ತದೆ. ಔಷಧಿಗೆ ಬಗ್ಗದ ಫಿಟ್ಸ್ ಇರುವ ಎರಡು ಮೂರು ವರ್ಷದ ಮಗುವಿಗೆ ಡಾಕ್ಟರು ಅದೇ ಹೆಸರು ಹೇಳಿದಾಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ‘ತುಪ್ಪ ಬೆಣ್ಣೆ ತಾನೇ, ನಾವೇ ಶುರುಮಾಡೋಣ’ ಎನ್ನುವುದು ಒಂದು. ‘ಇಷ್ಟು ಸಣ್ಣ ಕೂಸಿಗೆ ಅಷ್ಟೊಂದು ಜಿಡ್ಡೇ? ಲಿವರ್ ಹಾಳಾಗುತ್ತೆ’ ಎನ್ನುವುದು ಇನ್ನೊಂದು. ಎರಡನೆಯದು ಬಹುಮಟ್ಟಿಗೆ ಹೆದರಿಕೆ, ಕೂತು ಮಾತಾಡಿದರೆ ಹೋಗುತ್ತದೆ. ಮೊದಲನೆಯದು ಮಗುವಿನ ಜೀವಕ್ಕೇ ಎರವಾಗಬಹುದು.

ಕೊಬ್ಬು ಬಹಳ ಹೆಚ್ಚು, ಅನ್ನ ಸಕ್ಕರೆ ಬಹಳ ಕಡಿಮೆ ಇರುವ ಈ ಪಥ್ಯ ಹೊಸದೇನಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1921ರಲ್ಲಿ ಇದಕ್ಕೆ ಹೆಸರು ಬಂತು. 1938ರಲ್ಲಿ ಫೆನಿಟೋಯಿನ್ ಎಂಬ ಫಿಟ್ಸ್ ಔಷಧಿ ಬಂದ ಮೇಲೆ ಮೂಲೆಗೆ ಸರಿದು, 1990ರ ದಶಕದಲ್ಲಿ ಮತ್ತೆ ಎದ್ದು ಬಂತು. ಲಂಡನ್ನಿನಲ್ಲಿ 145 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳ ಹೊತ್ತಿಗೆ ಪಥ್ಯದಲ್ಲಿದ್ದ ಮಕ್ಕಳಲ್ಲಿ ಶೇ. 38ರಷ್ಟು ಮಂದಿಗೆ ಫಿಟ್ಸ್ ಅರ್ಧಕ್ಕೂ ಹೆಚ್ಚು ಇಳಿದಿತ್ತು. ಪಥ್ಯವಿಲ್ಲದವರಲ್ಲಿ ಈ ಪ್ರಮಾಣ ಶೇ. 6. ನಮ್ಮ ಅಡುಗೆಗೆ ಇದು ಹೊಂದುವುದಿಲ್ಲ ಎನ್ನುವವರಿಗೂ ಉತ್ತರವಿದೆ: ಮುಂಬೈಯ ಡಾ. ಜನಕ್ ನಾಥನ್ ಮತ್ತು ಸಂಗಡಿಗರು ಭಾರತೀಯ ಮಕ್ಕಳಿಗೆ ಈ ಪಥ್ಯ ಕೊಟ್ಟ ಅನುಭವವನ್ನು 2009ರಲ್ಲೇ ‘ಇಂಡಿಯನ್ ಪೀಡಿಯಾಟ್ರಿಕ್ಸ್’ನಲ್ಲಿ ಬರೆದಿದ್ದಾರೆ. ಆದರೆ ಎಲ್ಲರಿಗೂ ಇದೇ ಫಲ ಅನ್ನುವಂತಿಲ್ಲ. ಎರಡು ವರ್ಷದೊಳಗಿನ ಕೂಸುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಹೊರಬಂದ ಪ್ರಯೋಗದಲ್ಲಿ, ಪಥ್ಯಕ್ಕೂ ಇನ್ನೊಂದು ಹೊಸ ಔಷಧಿಗೂ ಫಿಟ್ಸ್ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಶುರುಮಾಡುವ ಮೊದಲಿನ ರಕ್ತಪರೀಕ್ಷೆ ಯಾಕೆ ಬೇಕು ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಈ ಪಥ್ಯದಲ್ಲಿ ದೇಹ ಸಕ್ಕರೆಯ ಬದಲು ಕೊಬ್ಬನ್ನು ಉರಿಸಿ ಬದುಕುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕೊಬ್ಬು ಉರಿಸುವ ಕಿಣ್ವ ಇರುವುದಿಲ್ಲ, ಅಥವಾ ಕೊಬ್ಬನ್ನು ಜೀವಕೋಶದ ಒಲೆಗೆ ಸಾಗಿಸುವ ಕಾರ್ನಿಟೀನ್ ಇರುವುದಿಲ್ಲ. ಅಂಥ ಮಗುವಿಗೆ ಅನ್ನ ನಿಲ್ಲಿಸಿ ತುಪ್ಪ ಕೊಟ್ಟರೆ ಉರಿಸಲು ಏನೂ ಉಳಿಯದೆ ಸಕ್ಕರೆ ಕುಸಿದು ಕೋಮಾಕ್ಕೆ ಹೋಗಬಹುದು. ಇಂಥ ದೋಷದ ಮೊದಲ ಲಕ್ಷಣವೇ ಕೆಲವು ಸಲ ಫಿಟ್ಸ್ ಆಗಿರುತ್ತದೆ. ಹಾಗಾಗಿ ಅಸೈಲ್ ಕಾರ್ನಿಟೀನ್ ಪ್ರೊಫೈಲ್, ಮೂತ್ರದ ಆರ್ಗ್ಯಾನಿಕ್ ಆಸಿಡ್, ಲ್ಯಾಕ್ಟೇಟ್ ಇವುಗಳ ವರದಿ ಕೈಗೆ ಬರುವ ತನಕ ಒಂದು ಚಮಚವೂ ಮುಂದಕ್ಕೆ ಹೋಗಬಾರದು. ವರದಿಗೆ ಕೆಲವು ದಿನ ಹಿಡಿದರೂ ಕಾಯಬೇಕು. ಪೈರುವೇಟ್ ಕಾರ್ಬಾಕ್ಸಿಲೇಸ್ ಕೊರತೆ ಮತ್ತು ಪೋರ್ಫಿರಿಯಾ ಎಂಬ ಅಪರೂಪದ ದೋಷಗಳು ಇರುವವರಿಗೂ ಈ ಪಥ್ಯ ಪೂರ್ತಿ ನಿಷಿದ್ಧ. ಇದಕ್ಕೆ ತದ್ವಿರುದ್ಧವಾಗಿ, ಮಿದುಳಿಗೆ ಸಕ್ಕರೆ ಸರಿಯಾಗಿ ತಲುಪದ ಗ್ಲೂಟ್-1 ಕೊರತೆ, ಸಕ್ಕರೆಯನ್ನು ಸರಿಯಾಗಿ ಉರಿಸಲಾಗದ ಪೈರುವೇಟ್ ಡಿಹೈಡ್ರೋಜಿನೇಸ್ ಕೊರತೆ ಇದ್ದರೆ ಇದೇ ಮೊದಲ ಚಿಕಿತ್ಸೆ. ಇವುಗಳ ಜೊತೆಗೆ ಲಿವರ್, ಕಿಡ್ನಿ, ಕೊಲೆಸ್ಟ್ರಾಲ್, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆಗಳು. ಮನೆತನದಲ್ಲಿ ಕಿಡ್ನಿ ಕಲ್ಲು ಇದ್ದರೆ ಹೊಟ್ಟೆಯ ಸ್ಕ್ಯಾನ್.

ಹಿಂದೆ ಉಪವಾಸ ಹಾಕಿಸಿ ಶುರುಮಾಡುತ್ತಿದ್ದರು. ಈಗ ಅದರ ಅಗತ್ಯವಿಲ್ಲ, ಪುಟ್ಟ ಮಕ್ಕಳಿಗಂತೂ ಕೂಡದು. ಒಂದು ವರ್ಷದೊಳಗಿನ ಕೂಸಾದರೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ರಕ್ತದ ಸಕ್ಕರೆ ನೋಡುತ್ತಾ, ಕೊಬ್ಬಿನ ಅನುಪಾತವನ್ನು ಮೆಲ್ಲಗೆ ಏರಿಸುತ್ತಾರೆ. ಎದೆಹಾಲು ಪೂರ್ತಿ ಬಿಡಿಸಬೇಕಿಲ್ಲ, ಅಳತೆ ಮಾಡಿದಷ್ಟನ್ನು ಲೆಕ್ಕದೊಳಗೆ ಸೇರಿಸಬಹುದು. ಬೆಳೆಯುವ ಕೂಸಿಗೆ ಪ್ರೋಟೀನ್ ಹೆಚ್ಚು ಬೇಕಾದ್ದರಿಂದ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ 4:1ರ ಬದಲು 3:1ರ ಆಸುಪಾಸಿನಲ್ಲೇ ನಿಲ್ಲುತ್ತಾರೆ.

3:1 ಅಂದರೆ ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಸೇರಿ 1 ಗ್ರಾಂ ಆದರೆ ಕೊಬ್ಬು 3 ಗ್ರಾಂ. 13 ಕಿಲೋ ತೂಕದ ಮಗುವಿಗೆ ದಿನಕ್ಕೆ 930 ಕ್ಯಾಲೊರಿ ಎಂದು ಡಯಟಿಷಿಯನ್ ಗೊತ್ತುಮಾಡಿದರು ಎಂದಿಟ್ಟುಕೊಳ್ಳಿ. 90 ಗ್ರಾಂ ಕೊಬ್ಬು, 30 ಗ್ರಾಂ ಉಳಿದೆರಡು ಸೇರಿ. ಆ 30ರಲ್ಲಿ ಪ್ರೋಟೀನ್ 16, ಕಾರ್ಬ್ 14. ಮೂರು ಹೊತ್ತಿಗೆ ಹಂಚಿದರೆ ಒಂದು ಊಟಕ್ಕೆ ಕಾರ್ಬ್ 5 ಗ್ರಾಂ ಕೂಡ ಬರುವುದಿಲ್ಲ. ಊಟ ಹೀಗಿರಬಹುದು: ಮೊಟ್ಟೆ 30 ಗ್ರಾಂ, ಹೂಕೋಸು 60 ಗ್ರಾಂ, ಶೇ. 25 ಕೊಬ್ಬಿನ ಕೆನೆ 40 ಗ್ರಾಂ, ತುಪ್ಪ 17 ಗ್ರಾಂ. ಕೊಬ್ಬು ಸುಮಾರು 30, ಉಳಿದೆರಡು ಸೇರಿ 10ಕ್ಕೆ ತುಸು ಕಡಿಮೆ. ಇದು ಲೆಕ್ಕ ತೋರಿಸುವುದಕ್ಕೆ ಮಾತ್ರ, ಇದನ್ನೇ ನೋಡಿ ಅಡುಗೆ ಮಾಡಬೇಡಿ.

ಈಗ ಇದೇ ಊಟದಲ್ಲಿ 5 ಗ್ರಾಂ ತುಪ್ಪ ಬಟ್ಟಲಿಗೆ ಅಂಟಿ ಉಳಿಯಿತು ಅನ್ನಿ. ಅನುಪಾತ 3:1 ಹೋಗಿ 2.6:1 ಆಯಿತು. ತಟ್ಟೆ ಖಾಲಿಯಾದಂತೆ ಕಂಡರೂ ಮದ್ದು ಹೊಟ್ಟೆಗೆ ಹೋಗಿಲ್ಲ. ಪಕ್ಕದ ಮನೆಯವರು ಪ್ರೀತಿಯಿಂದ ಒಂದೇ ಒಂದು ಗ್ಲೂಕೋಸ್ ಬಿಸ್ಕತ್ತು ಕೊಟ್ಟರೆ ಸುಮಾರು 4 ಗ್ರಾಂ ಕಾರ್ಬ್ ಸೇರಿ ಅನುಪಾತ 2.2ಕ್ಕೆ ಬೀಳುತ್ತದೆ. ಫಿಟ್ಸ್ ಹಿಡಿತದಲ್ಲಿದ್ದ ಮಗುವಿಗೆ ಆ ಸಂಜೆಯೇ ಮತ್ತೆ ಬರಬಹುದು. ಆದ್ದರಿಂದ ಬಟ್ಟಲನ್ನು ಸಿಲಿಕೋನ್ ಚಮಚದಿಂದ ಬಳಿದು ತಿನ್ನಿಸುವುದು ಜಿಪುಣತನವಲ್ಲ. ಗ್ರಾಂ ಲೆಕ್ಕದಲ್ಲಿ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಚಮಚದ ಅಳತೆ ನಡೆಯುವುದಿಲ್ಲ, ಯಾಕೆಂದರೆ ಗಟ್ಟಿ ತುಪ್ಪದ ಚಮಚ ಗೋಪುರವಾಗಿ ಏಳುತ್ತದೆ, ಕರಗಿದ್ದು ಮಟ್ಟಸವಾಗಿ ನಿಲ್ಲುತ್ತದೆ. ತರಕಾರಿಯನ್ನು ಹಸಿಯಾಗಿ ತೂಗುವುದೋ ಬೇಯಿಸಿ ತೂಗುವುದೋ ಎಂದು ಚಾರ್ಟಿನಲ್ಲಿ ಬರೆಸಿಕೊಳ್ಳಿ.

ಕೆನೆಯ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ಹಾಲು ಕಾಯಿಸಿ ತೆಗೆದ ಮನೆಯ ಕೆನೆಯಲ್ಲಿ, ಡೇರಿಯಿಂದ ತಂದ ಮಲಾಯಿಯಲ್ಲಿ ಕೊಬ್ಬು ಎಷ್ಟು ಅನ್ನುವುದು ದಿನಕ್ಕೊಂದು ಥರ. ಲೇಬಲ್ ಇರುವ ಪೊಟ್ಟಣವೇ ಬೇಕು, ಕಂಪನಿ ಬದಲಾದರೆ ಲೆಕ್ಕವೂ ಬದಲು. ಪನೀರಿಗೂ ಇದೇ ಮಾತು. ಫುಲ್ ಕ್ರೀಮ್ ಹಾಲು ಆಗಬಹುದೇ ಎಂದು ಕೇಳುತ್ತಾರೆ. ಅದರಲ್ಲಿ ಕೊಬ್ಬು ಶೇ. 6 ಇದ್ದರೂ ಹಾಲಿನ ಸಕ್ಕರೆ ಸುಮಾರು ಶೇ. 5 ಇದ್ದೇ ಇರುತ್ತದೆ, 100 ಮಿಲಿ ಕುಡಿದರೆ ಒಂದು ಊಟದ ಕಾರ್ಬ್ ಅಷ್ಟೂ ಮುಗಿಯಿತು. ಇನ್ನು ಆನ್‌ಲೈನಿನಲ್ಲಿ ಸಿಗುವ ಕೀಟೋ ಹಿಟ್ಟು, ಕೀಟೋ ಬಿಸ್ಕತ್ತು ಇತ್ಯಾದಿ ತೂಕ ಇಳಿಸುವವರ ಸರಕು. ಚಾರ್ಟಿಗೆ ಸೇರಿಸುವ ಮೊದಲು ಡಯಟಿಷಿಯನ್ನಿಗೆ ಲೇಬಲ್ಲಿನ ಫೋಟೋ ಕಳಿಸಿ. ನಾನಾದರೆ ಮೊದಲ ಮೂರು ತಿಂಗಳು ಅವನ್ನು ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲ.

ಉಪವಾಸದ ತಿಂಡಿಯಲ್ಲಿ ಅನ್ನವಿಲ್ಲ, ಹಾಗಾಗಿ ಮಗುವಿಗೆ ಕೊಡಬಹುದು ಎನ್ನುವ ಅಜ್ಜಿಯರಿದ್ದಾರೆ. ಸಾಬೂದಾಣೆ ಬಹುಪಾಲು ಬರೀ ಪಿಷ್ಟ. ರಾಗಿ ಸರಿ, ಗಂಜಿ, ಎಳನೀರು, ಬಾಳೆಹಣ್ಣು ಇವೆಲ್ಲ ಒಳ್ಳೆಯವೇ, ಈ ಮಗುವಿಗೆ ಮಾತ್ರ ಅಲ್ಲ. ಗಣಪತಿಯ ಮೋದಕ, ಸಂಕ್ರಾಂತಿಯ ತಿಳಗುಳ ಬರುವ ದಿನಗಳಿಗೆ ತೆಂಗಿನಕಾಯಿ, ಬೆಣ್ಣೆ, ಡಯಟಿಷಿಯನ್ ಒಪ್ಪಿದ ಸಿಹಿಕಾರಕ ಹಾಕಿ ಅಳತೆಯ ಒಂದು ಉಂಡೆ ಮೊದಲೇ ಮಾಡಿಟ್ಟರೆ ಮಗುವಿನ ಕೈ ಖಾಲಿ ಇರುವುದಿಲ್ಲ. ಆ ಕಾಯಿಯನ್ನೂ ತೂಗಲೇಬೇಕು, ಅದರಲ್ಲಿ ಕೊಬ್ಬಿನ ಜೊತೆ ಕಾರ್ಬ್ ಕೂಡ ಇದೆ. ಸಿಹಿಕಾರಕದ ಪುಟ್ಟ ಪೊಟ್ಟಣಗಳಲ್ಲಿ ಗಾತ್ರಕ್ಕೆಂದು ಡೆಕ್ಸ್ಟ್ರೋಸ್, ಲ್ಯಾಕ್ಟೋಸ್ ಅಥವಾ ಮಾಲ್ಟೋಡೆಕ್ಸ್ಟ್ರಿನ್ ಬೆರೆಸಿರುತ್ತಾರೆ, ಹಿಂಬದಿಯ ಸಣ್ಣ ಅಕ್ಷರ ಓದಿ. ಬಾಲವಾಡಿಯ ಆಯಾಗೆ, ಲಿಫ್ಟಿನಲ್ಲಿ ಚಾಕಲೇಟು ಕೊಡುವ ಕಾಕಾಗೆ ತೋರಿಸಲು ಮರಾಠಿಯಲ್ಲೊಂದು ಚೀಟಿ, ಊರಿಂದ ಬರುವ ಅಜ್ಜಿ ತಾತನಿಗೆ ಕನ್ನಡದಲ್ಲೊಂದು ಚೀಟಿ ಇದ್ದರೆ ಅರ್ಧ ಜಗಳ ತಪ್ಪುತ್ತದೆ.

ಅಡುಗೆಮನೆಗಿಂತ ದೊಡ್ಡ ಕಳ್ಳ ಔಷಧಿಯ ಡಬ್ಬಿಯಲ್ಲಿದ್ದಾನೆ. ಮಕ್ಕಳ ಸಿರಪ್ ಅಂದರೆ ಬಹುತೇಕ ಸಕ್ಕರೆ ಪಾಕ. 5 ಮಿಲಿಯಲ್ಲಿ 2 ಗ್ರಾಂ ಸಕ್ಕರೆ ಇದ್ದು ದಿನಕ್ಕೆ ನಾಲ್ಕು ಸಲ ಕೊಟ್ಟರೆ 8 ಗ್ರಾಂ, ದಿನದ 14ರಲ್ಲಿ ಅರ್ಧಕ್ಕಿಂತ ಹೆಚ್ಚು. ಶುಗರ್ ಫ್ರೀ ಎಂದು ಬರೆದಿದ್ದರೂ ಸಾರ್ಬಿಟಾಲ್, ಗ್ಲಿಸರಿನ್ ಇರಬಹುದು. ಫಿಟ್ಸ್ ಔಷಧಿಯನ್ನೇ ಸಿರಪ್ಪಿನಿಂದ ಮಾತ್ರೆಗೆ ಬದಲಿಸಿಕೊಳ್ಳುವುದು ಮೊದಲ ಕೆಲಸ, ಅದೂ ಡಾಕ್ಟರು ಡೋಸ್ ಲೆಕ್ಕ ಹಾಕಿಕೊಟ್ಟ ಮೇಲೆ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ಡೋಸ್ ಒಮ್ಮೆಗೇ ಇಳಿಯುತ್ತದೆ, ಹಾಗೆ ಮಾಡಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಪೊಸಿಟರಿ (ಗುದದ್ವಾರದಲ್ಲಿ ಇಡುವ ಔಷಧಿ) ಮನೆಯಲ್ಲಿರಲಿ. ಟೂತ್‌ಪೇಸ್ಟ್, ವಿಟಮಿನ್ ಡ್ರಾಪ್ಸ್, ಆ್ಯಂಟಿಬಯೋಟಿಕ್‌ನ ಡ್ರೈ ಸಿರಪ್ ಇವಕ್ಕೂ ಇದೇ ತಪಾಸಣೆ. ಪಥ್ಯ ಶುರುವಾಯಿತೆಂದು ಹಳೆಯ ಔಷಧಿಯನ್ನು ತಾವಾಗಿ ನಿಲ್ಲಿಸುವುದು ಬೇರೆಯದೇ ಅನಾಹುತ, ನಿಲ್ಲದ ಫಿಟ್ಸಿಗೆ ಅದು ನೇರ ದಾರಿ.

ಮಳೆಗಾಲದಲ್ಲಿ ವಾಂತಿ ಭೇದಿ ಶುರುವಾದರೆ? ಈ ಪಥ್ಯದ ನಿಜವಾದ ಪರೀಕ್ಷೆ ಆಗಲೇ. ಊಟ ಸೇರದ ಮಗುವಿನಲ್ಲಿ ಕೀಟೋನ್ (ಕೊಬ್ಬು ಉರಿದಾಗ ರಕ್ತಕ್ಕೆ ಸೇರುವ ವಸ್ತು) ಏರುತ್ತದೆ, ಮೈಯ ನೀರು ಆರುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಸಕ್ಕರೆ ಇಳಿಯುತ್ತದೆ, ನಾಲ್ಕೂ ಒಟ್ಟಿಗೆ. ಉಸಿರು ಜೋರಾಗುವುದು, ಮುಖ ಕೆಂಪೇರುವುದು, ಸುಮ್ಮನೆ ಕಿರಿಕಿರಿ, ಮಂಕು, ವಾಂತಿ ಇವು ಕೀಟೋನ್ ಅತಿಯಾದ ಗುರುತು. ಬೆವರು, ನಡುಕ, ಬಿಳಿಚಿದ ಮುಖ, ಎಬ್ಬಿಸಿದರೂ ಏಳದಿರುವುದು ಸಕ್ಕರೆ ಇಳಿದ ಗುರುತು. ಎರಡಕ್ಕೂ ಮೊದಲ ಉಪಾಯ ಒಂದೇ: ಎಚ್ಚರವಿದ್ದರೆ 30 ಮಿಲಿ ಹಣ್ಣಿನ ರಸ, 15-20 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಸುಧಾರಿಸದಿದ್ದರೆ ಆಸ್ಪತ್ರೆ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಏನೂ ಹಾಕಬಾರದು. ಸಕ್ಕರೆ, ಕೀಟೋನ್ ಪರೀಕ್ಷೆಯ ಯಾವ ಸಂಖ್ಯೆಗೆ ಏನು ಮಾಡಬೇಕು ಎಂದು ನಿಮ್ಮ ಡಾಕ್ಟರಿಂದ ಮೊದಲ ದಿನವೇ ಬರೆಸಿಕೊಂಡು ಫ್ರಿಜ್ಜಿನ ಮೇಲೆ ಅಂಟಿಸಿ.

ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇದೆ ಎಂದು ಹೆದರಿ ನೀರಾರಿದ ಮಗುವಿಗೆ ಕೊಡದೆ ಕೂರುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, ಅಂದರೆ 200 ಮಿಲಿಗೆ 2.7 ಗ್ರಾಂ. ಅಷ್ಟಕ್ಕೆ ಪಥ್ಯ ಕೆಟ್ಟರೆ ಕೆಡಲಿ, ಎರಡು ದಿನದಲ್ಲಿ ಸರಿಪಡಿಸಬಹುದು. ಬಣ್ಣದ ಪೊಟ್ಟಣದ ಸಿಹಿ ಪಾನೀಯ ಮಾತ್ರ ಬೇಡ. ಡ್ರಿಪ್ ಹಾಕುವ ಹೊತ್ತಿನಲ್ಲಿ ಇನ್ನೊಂದು ಎಚ್ಚರ. 5% ಡೆಕ್ಸ್ಟ್ರೋಸಿನ 500 ಮಿಲಿ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ, ಮಗುವಿನ ಒಂದೂಮುಕ್ಕಾಲು ದಿನದ ಪಾಲು. ಆದ್ದರಿಂದ ಚೀಲದಲ್ಲಿ ಯಾವಾಗಲೂ ಇಂಗ್ಲಿಷಿನಲ್ಲಿ ಬರೆದ ಒಂದು ಪತ್ರವಿರಲಿ: ಮಗು ಕೀಟೋ ಪಥ್ಯದಲ್ಲಿದೆ, ಸಕ್ಕರೆ ಕಡಿಮೆಯಿದ್ದರೆ ಮಾತ್ರ ಡೆಕ್ಸ್ಟ್ರೋಸ್, ಇಲ್ಲದಿದ್ದರೆ ನಾರ್ಮಲ್ ಸಲೈನ್, ಸಕ್ಕರೆ, ಕೀಟೋನ್, ಬೈಕಾರ್ಬೊನೇಟ್ ಮೂರನ್ನೂ ನೋಡಿ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಬೇಕು, ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದನ್ನು ಬಹಳ ಹೊತ್ತು ಕೊಡುವುದು ಇಂಥ ಮಕ್ಕಳಿಗೆ ಒಳ್ಳೆಯದಲ್ಲ.

ಮನೆಯಲ್ಲಿ ಮೂತ್ರದ ಕೀಟೋನ್ ಸ್ಟ್ರಿಪ್ಪಿನಲ್ಲಿ 80-160 ಮಿಗ್ರಾಂ ಬಣ್ಣ ಬರಬೇಕು. ಮುಂಬೈ, ಗೋವಾದ ಜುಲೈ ತಿಂಗಳ ತೇವಕ್ಕೆ ಮುಚ್ಚಳ ತೆರೆದಿಟ್ಟ ಸ್ಟ್ರಿಪ್ ಕೆಟ್ಟು ಸುಳ್ಳು ಬಣ್ಣ ತೋರಿಸುತ್ತದೆ. ಕೈಗೆಟಕುವಂತಿದ್ದರೆ ರಕ್ತದ ಕೀಟೋನ್ ಮೀಟರ್ ಹೆಚ್ಚು ನಂಬಿಗಸ್ತ.

ನಿಧಾನವಾಗಿ ಬರುವ ತೊಂದರೆಗಳು ಬೇರೆ. ಮಲಬದ್ಧತೆ ಬಹುತೇಕರಿಗೆ, ನೀರು ಮತ್ತು ನಾರಿನ ತರಕಾರಿ ಹೊಂದಿಸಿದರೆ ಸುಧಾರಿಸುತ್ತದೆ. ನೀರಿಗೆ ಕಡಿವಾಣ ಹಾಕುವ ಹಳೆಯ ಪದ್ಧತಿ ಬಿಟ್ಟುಹೋಗಿದೆ, ಅದು ಕಿಡ್ನಿ ಕಲ್ಲಿಗೆ ಆಹ್ವಾನ. ಟೋಪಿರಮೇಟ್, ಝೋನಿಸಮೈಡ್ ಎಂಬ ಫಿಟ್ಸ್ ಔಷಧಿ ತೆಗೆದುಕೊಳ್ಳುವ ಮಕ್ಕಳಲ್ಲಿ ರಕ್ತದ ಆಮ್ಲೀಯತೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಎಲ್ಲ ಮಕ್ಕಳಿಗೂ ಮೊದಲಿಂದಲೇ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟಾಗ ಕಲ್ಲು ಶೇ. 6.7ರಿಂದ 0.9ಕ್ಕೆ ಇಳಿದಿತ್ತು. ಕೊಲೆಸ್ಟ್ರಾಲ್ ಮೊದಲು ಏರಿ ಅನೇಕರಲ್ಲಿ ತಾನಾಗಿ ತಗ್ಗುತ್ತದೆ. ಮೊದಲು ಹೇಳಿದ ಲಿವರ್ ಭಯಕ್ಕೆ ಉತ್ತರ ಲಿವರ್‌ನ ರಕ್ತಪರೀಕ್ಷೆಯಲ್ಲಿದೆ. ನನಗೆ ಹೆಚ್ಚು ಚಿಂತೆಯಾಗುವುದು ಎತ್ತರದ್ದು. ವರ್ಷಗಟ್ಟಲೆ ಪಥ್ಯದಲ್ಲಿರುವ ಪುಟ್ಟ ಮಕ್ಕಳ ಬೆಳವಣಿಗೆ ಹಿಂದೆ ಬೀಳಬಹುದು, ಆದ್ದರಿಂದ ಪ್ರತಿ ಭೇಟಿಯಲ್ಲೂ ತೂಕದ ಜೊತೆ ಎತ್ತರ ಅಳೆಸಿ. ಸಕ್ಕರೆಯಿಲ್ಲದ ಮಲ್ಟಿವಿಟಮಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ತಪ್ಪಿಸುವಂತಿಲ್ಲ. ಸೆಲೆನಿಯಂ ಕೊರತೆಯಿಂದ ಹೃದಯದ ಸ್ನಾಯು ಸೋತ ಪ್ರಕರಣಗಳು ದಾಖಲಾಗಿವೆ. ತಪಾಸಣೆ 1, 3, 6, 9, 12ನೇ ತಿಂಗಳಲ್ಲಿ, ಕೂಸುಗಳಿಗೆ ಇನ್ನೂ ಬೇಗ ಬೇಗ.

ಇಷ್ಟೆಲ್ಲ ತೂಗಿ ಅಳೆಯುವುದು ಎಲ್ಲ ಮನೆಗೂ ಸಾಧ್ಯವಿಲ್ಲ. ಇಬ್ಬರೂ 7.12ರ ಲೋಕಲ್ ಹಿಡಿಯುವ ಮನೆಯಲ್ಲಿ ಅರ್ಧಂಬರ್ಧ 4:1 ನಡೆಸುವುದಕ್ಕಿಂತ ಮಾರ್ಪಡಿಸಿದ ಆಟ್ಕಿನ್ಸ್ ಪಥ್ಯ ವಾಸಿ. ಇಲ್ಲಿ ಕಾರ್ಬ್ ಮಾತ್ರ ದಿನಕ್ಕೆ 10-15 ಗ್ರಾಂ ಎಂದು ಎಣಿಸಿ, ಕೊಬ್ಬನ್ನು ಧಾರಾಳವಾಗಿ ಕೊಡುತ್ತಾರೆ. ದಿಲ್ಲಿಯ ಏಮ್ಸ್‌ನ 2013ರ ಪ್ರಯೋಗದಲ್ಲಿ 2-14 ವರ್ಷದ ಮಕ್ಕಳಲ್ಲಿ ಶೇ. 52ರಷ್ಟು ಮಂದಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು, ಪಥ್ಯವಿಲ್ಲದವರಲ್ಲಿ 11.5. ಆದರೆ ಎರಡು ವರ್ಷದೊಳಗಿನವರಿಗೆ ಅಳತೆಯ ಶಾಸ್ತ್ರೀಯ ಪಥ್ಯವೇ ಮೇಲು.

ಮೂರು ತಿಂಗಳು ಸರಿಯಾಗಿ ನಡೆಸಿಯೂ ಫಲ ಕಾಣದಿದ್ದರೆ ನಿಲ್ಲಿಸಬಹುದು, ಇದರಲ್ಲಿ ತಾಯಿಯ ಸೋಲೇನಿಲ್ಲ. ಫಲ ಕಂಡರೆ ಸಾಮಾನ್ಯವಾಗಿ ಎರಡು ವರ್ಷ, ಗ್ಲೂಟ್-1 ಕೊರತೆಯಲ್ಲಿ ಇನ್ನೂ ಬಹಳ ಕಾಲ. ಬಿಡಿಸುವಾಗ 3:1, ಆಮೇಲೆ 2:1, ಆಮೇಲೆ 1:1 ಎಂದು ಎರಡು ಮೂರು ತಿಂಗಳು ಹಿಡಿದು ಇಳಿಸಬೇಕು. ಯಾವ ಮೆಟ್ಟಿಲಲ್ಲಿ ಫಿಟ್ಸ್ ಮರಳಿತೋ ಅದರ ಹಿಂದಿನದಕ್ಕೆ ಹಿಂತಿರುಗಿ ಡಾಕ್ಟರಿಗೆ ಫೋನ್ ಮಾಡಬೇಕು. 1:1 ದಾಟಿದ ಮೇಲೆ ಅನ್ನ, ಚಪಾತಿ ಅಳತೆಯಲ್ಲಿ ಬರುತ್ತವೆ, ಸಕ್ಕರೆ ಬೆಲ್ಲ ಎಲ್ಲಕ್ಕಿಂತ ಕೊನೆಗೆ.