ಗೆಲರ್ಟ್‌ನ ಗೋರಿಯ ಮುಂದೆ ಆದೇಶ ಸಂಧಿ

ಬ್ರಿಟನ್ನಿನ ವೇಲ್ಸ್ ನಾಡಿನ ಪೋರ್ತ್‌ಮಾಡಾಗ್‌ನಿಂದ ಹೊರಟ ಪುಟ್ಟ ಉಗಿಬಂಡಿ ಗ್ಲಾಸ್‌ಲಿನ್ ನದಿಯ ಕಮರಿಯ ಸುರಂಗಗಳಲ್ಲಿ ನುಸುಳಿ ನಮ್ಮನ್ನು ಇಳಿಸಿದಾಗ ಜಡಿಮಳೆ. ನಿಲ್ದಾಣದ ಹಲಗೆಯನ್ನು 'ಬೆಡ್‌ಗೆಲರ್ಟ್' ಎಂದು ಓದಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕು ತಿದ್ದಿದರು. ವೇಲ್ಷ್ ಭಾಷೆಯಲ್ಲಿ ಎರಡು 'ಡಿ' ಜೊತೆಯಾದರೆ ನಾಲಿಗೆ ಹಲ್ಲಿಗೆ ತಾಗಬೇಕು. ನಮ್ಮ 'ದ'ಕಾರಕ್ಕೆ ಹತ್ತಿರ. ಬೇದ್‌ಗೆಲರ್ಟ್. 'ಬೇದ್' ಎಂದರೆ ಗೋರಿ.

ಯಾರ ಗೋರಿ? ಹೊಳೆಯ ಪಕ್ಕದ ಕಾಲುದಾರಿಯಲ್ಲಿ ಕೊಡೆ ಹಿಡಿದು ಹೋದರೆ ಮರದ ಕೆಳಗೆ ಕಲ್ಲುಗಳು, ಅವುಗಳ ಮೇಲೆ ಕಥೆ. 13ನೆಯ ಶತಮಾನದ ದೊರೆ ಲೆವೆಲಿನ್ ಬೇಟೆಯಿಂದ ಮರಳಿದಾಗ ತೊಟ್ಟಿಲು ಮಗುಚಿತ್ತು, ಬೇಟೆನಾಯಿ ಗೆಲರ್ಟ್‌ನ ಬಾಯಿ ತುಂಬ ರಕ್ತ. ಕತ್ತಿ ಇರಿದ ಮೇಲೆ ಮಗುವಿನ ಅಳು ಕೇಳಿಸಿತು, ಸತ್ತು ಬಿದ್ದ ತೋಳ ಕಾಣಿಸಿತು.

"ಇದು ಮುಂಗುಸಿಯ ಕಥೆಯಲ್ಲವೇ!" ಎಂದಳು ಹೆಂಡತಿ, ಓದಿ ಮುಗಿಸುವ ಮೊದಲೇ. ಹೌದು. ಪಂಚತಂತ್ರದ ಮುಂಗುಸಿಯೇ ದೇಶಾಂತರ ಹೋಗಿ ನಾಯಿಯಾಗಿದೆ, ಹಾವು ತೋಳವಾಗಿದೆ. ಅದನ್ನು ಈ ಊರಿಗೆ ಅಂಟಿಸಿದವನೆಂದು ಹೇಳಲಾಗುವುದು 1793ರ ಸುಮಾರಿಗೆ ಇಲ್ಲಿಗೆ ಬಂದ ಹೋಟೆಲುಗಾರ ಡೇವಿಡ್ ಪ್ರಿಚರ್ಡ್‌ನನ್ನು. ಪ್ರವಾಸಿಗರು ಬರಬೇಕು, ಕೋಣೆಗಳು ತುಂಬಬೇಕು. ಸಿದ್ಧವಾಗಿದ್ದ ಹೆಸರಿಗೆ ನಾಯಿಯೊಂದನ್ನು ಒದಗಿಸಿದ. ನಮ್ಮಲ್ಲೂ ಊರಿನ ಹೆಸರಿಗೆ ತಕ್ಕ ಸ್ಥಳಪುರಾಣ ಹುಟ್ಟಿಕೊಳ್ಳುವುದು ಹೊಸದೇನಲ್ಲ, ಆದರೆ ಕಲ್ಲು ನೆಟ್ಟು ಸಾಕ್ಷಿ ಒದಗಿಸುವ ಶ್ರದ್ಧೆಗೆ ಮೆಚ್ಚಲೇಬೇಕು.

ಹೆಸರು ಅದಕ್ಕಿಂತ ಬಹಳ ಹಳೆಯದು. ಸ್ಥಳನಾಮ ಬಲ್ಲವರು ಹೇಳುವಂತೆ ಮೂಲದಲ್ಲಿದ್ದದ್ದು ಕೆಲರ್ಟ್ ಎಂಬ ಮನುಷ್ಯ. ಪ್ರಾಯಶಃ ಹಳೆಯ ಕಾಲದ ಕ್ರೈಸ್ತ ಸಾಧು. ಹಾಗಾದರೆ 'ಕೆ' ಹೇಗೆ 'ಗೆ' ಆಯಿತು? ಇಲ್ಲಿ ನನಗೆ ಮಳೆಯೂ ಮರೆತುಹೋಯಿತು. ಅಥವಾ ಮಳೆಯೇ ನೆನಪಿಸಿತು ಎನ್ನಬೇಕು. ಮಳೆ, ಕಾಲ ಸೇರಿದರೆ ಮಳೆಗಾಲ. ಬೇದ್, ಕೆಲರ್ಟ್ ಸೇರಿದರೆ ಬೇದ್‌ಗೆಲರ್ಟ್! ಪದದ ಮೊದಲಿನ ಕ, ತ, ಪಗಳು ಕೆಲವು ಸಂದರ್ಭಗಳಲ್ಲಿ ಗ, ದ, ಬಗಳಾಗಿ ಮೆದುವಾಗುವುದು ವೇಲ್ಷ್‌ನ ದಿನನಿತ್ಯದ ವ್ಯಾಕರಣ. ಶಾಲೆಯಲ್ಲಿ ಬೆತ್ತದ ಭಯದಿಂದ ಉರುಹೊಡೆದ ಆದೇಶ ಸಂಧಿ ಹೀಗೆ ಎದುರಾದೀತೆಂದು ಯಾರು ಎಣಿಸಿದ್ದರು? ಎರಡು ಭಾಷೆಗಳಿಗೂ ನಂಟಿಲ್ಲ, ನಿಜ. ನಾಲಿಗೆಯ ಸೋಮಾರಿತನ ಮಾತ್ರ ಒಂದೇ.

ಹಿಂದಿರುಗುವಾಗ ಚರ್ಚಿನ ಅಂಗಳದಲ್ಲಿ ಕೆಲರ್ಟ್‌ನಿಗಾಗಿ ಒಂದು ಸುತ್ತು ಹುಡುಕಿದೆ, ಸಿಗಲಿಲ್ಲ. ನಾಯಿಯ ಗೋರಿಗೆ ಮಾತ್ರ ದಾರಿ ತೋರಿಸುವ ಹಲಗೆಗಳಿದ್ದವು.