ನಕಾಶೆಯಲ್ಲಿ ಉಳಿದಿದ್ದ ಹಳ್ಳ

ಸರ್ವೆಯವರು ಒಂಬತ್ತಕ್ಕೆ ಬರ್ತೀನಿ ಅಂದಿದ್ದರು. ಬಂದಾಗ ಹನ್ನೊಂದು ದಾಟಿತ್ತು. ಅಷ್ಟರೊಳಗೆ ಅಣ್ಣ ಮೂರು ಸಲ ಕಾಫಿ ಕುಡಿದಿದ್ದ, ಬದುವಿನ ಉದ್ದಕ್ಕೂ ಹತ್ತು ಸಲ ಓಡಾಡಿದ್ದ. ಕೆಳಗಿನ ಹೊಲದವರು ಬೆಳಿಗ್ಗೆಯೇ ಬಂದು ಹೊಂಗೆ ಮರದ ಕೆಳಗೆ ಕೂತಿದ್ದರು. ಅವರನ್ನು ನಾವು ಚಿಕ್ಕಂದಿನಿಂದ ಮಾವ ಅಂತಲೇ ಕರೆಯೋದು. ಎರಡು ವರ್ಷದಿಂದ ಮಾತಿಲ್ಲ. ಅವತ್ತೂ ಅವರು ಆ ಕಡೆ ಮುಖ ಮಾಡಿದ್ದರು, ನಾವು ಈ ಕಡೆ.

ಜಗಳ ಬದುವಿನದು. ಅವರು ಬದುವನ್ನು ನಮ್ಮ ಕಡೆಗೆ ಒತ್ತಿಕೊಂಡು ಬಂದಿದ್ದಾರೆ ಅನ್ನೋದು ನಮ್ಮ ದೂರು. ಹಾಗಾಗಿ ನಾವೇ ದುಡ್ಡು ಕಟ್ಟಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಮಾಡಿಸೋಕೆ, ಅರ್ಜಿ ಹಾಕಿದ್ದೆವು. ನಾನು ಹಾಸನದಿಂದ ರಜಾ ಹಾಕಿ ಬಂದಿದ್ದೆ. ಕಾಗದ ಓದೋಕೆ ಒಬ್ಬ ಬೇಕಲ್ಲ ಅಂತ ಅಣ್ಣ ಕರೆಸಿಕೊಂಡಿದ್ದ.

ನಮ್ಮೂರು ಹಾಸನ–ಬೇಲೂರು ರಸ್ತೆಯಿಂದ ಒಳಗಿದೆ. ಅರೆಮಲೆನಾಡು ಅಂತಾರೆ. ಪಡುವಲಕ್ಕೆ ಹೋದರೆ ಸಕಲೇಶಪುರದ ಕಾಫಿ ತೋಟ, ಮೂಡಲಕ್ಕೆ ಹೋದರೆ ಅರಸೀಕೆರೆಯ ತೆಂಗು. ನಾವು ನಡುವೆ. ನೆಲ ಎಲ್ಲೂ ಸಮತಟ್ಟಿಲ್ಲ. ದಿಬ್ಬದ ಮೇಲೆ ಕೆಂಪು ಮಣ್ಣಿನ ಹೊಲ, ತಗ್ಗಿನಲ್ಲಿ ಕೆರೆ, ಕೆರೆ ಕೆಳಗೆ ಗದ್ದೆ. ದಿಬ್ಬದಿಂದ ಕೆರೆಗೆ ನೀರು ಇಳಿಸೋ ಸಣ್ಣ ಸಣ್ಣ ಹಳ್ಳಗಳು. ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಮುಂದಿನ ಊರಿನ ಕೆರೆಗೆ, ಅಲ್ಲಿಂದ ಯಗಚಿಗೆ. ಯಗಚಿ ಗೊರೂರಿನ ಹತ್ತಿರ ಹೇಮಾವತಿ ಸೇರುತ್ತದೆ. ಅಲ್ಲಿಗೆ ನಮ್ಮೂರಿನ ಭೂಗೋಳ ಮುಗಿಯಿತು. ಶಾಲೆಯಲ್ಲಿ ಇದನ್ನು ಬಿಟ್ಟು ಮಿಕ್ಕ ಎಲ್ಲ ಭೂಗೋಳವನ್ನೂ ಓದಿಸಿದರು.

ಬೆಳೆ ಅಂದರೆ ನಾವು ಹುಡುಗರಾಗಿದ್ದಾಗ ಆಲೂಗಡ್ಡೆ. ಮೇ ತಿಂಗಳಲ್ಲಿ ಹಾಸನದ ಮಾರುಕಟ್ಟೆಗೆ ಪಂಜಾಬಿನ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಬರೋದು. ಅಪ್ಪ ಮೂಟೆ ಬಿಚ್ಚಿಸಿ, ಒಂದು ಗಡ್ಡೆ ಕುಯ್ದು ಮೂಸಿ ನೋಡಿಯೇ ದುಡ್ಡು ಕೊಡೋರು. ರೋಹಿಣಿ ಮಳೆಗೆ ನೆಟ್ಟರೆ ಆಗಸ್ಟ್ ಕೊನೆಗೆ ಕೀಳೋದು. ಆಮೇಲೆ ಅಂಗಮಾರಿ ರೋಗ ಜಾಸ್ತಿ ಆಯಿತು. ನಾಲ್ಕು ದಿನ ಮೋಡ ಮುಚ್ಚಿ ಜಡಿಮಳೆ ಹಿಡಿದರೆ ಸಾಕು, ಐದನೇ ದಿನ ಹೊಲ ಬೆಂಕಿ ಬಿದ್ದ ಹಾಗೆ ಕರ್ರಗೆ. ಎರಡು ವರ್ಷ ಹಾಗಾದ ಮೇಲೆ ಮುಸುಕಿನ ಜೋಳ ಬಂತು. ಅದರ ಹಿಂದೆಯೇ ಶುಂಠಿ ಬಂತು.

ಈ ಶುಂಠಿಯ ವಿಷಯ ಆಮೇಲೆ ಹೇಳ್ತೀನಿ. ಆ ದಿನದ ಕಥೆಯೆಲ್ಲ ಅಲ್ಲೇ ಇರೋದು.

ಸರ್ವೆಯವರು ಅಣ್ಣನಿಗಿಂತ ಚಿಕ್ಕವರು. ಹಳೇ ಅಳತೆಯ ಟಿಪ್ಪಣಿಯ ನಕಲು, ವಿಸ್ತೀರ್ಣ ಕಂದಾಯದ ಲೆಕ್ಕ ಇರೋ ಆಕಾರ್ ಬಂದ್, ಗ್ರಾಮ ನಕಾಶೆ ಎಲ್ಲವನ್ನೂ ಬೈಕಿನ ಸೀಟಿನ ಮೇಲೆ ಹರಡಿ, ಹಾರದ ಹಾಗೆ ಮೂರು ಕಲ್ಲು ಇಟ್ಟರು. ಬಾಜುದಾರರ, ಅಂದರೆ ಪಕ್ಕದ ಹೊಲದವರ, ಹೆಸರು ಕೂಗಿದರು. ಮಾವ ಕೂತಲ್ಲಿಂದಲೇ ಕೈ ಎತ್ತಿದರು.

ಸರಪಳಿ ಬಿಚ್ಚಿದಾಗ ನನಗೆ ಕುತೂಹಲ. 33 ಅಡಿ ಉದ್ದ, ಅದಕ್ಕೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಅಳೆದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಅಂಗಡಿಯಲ್ಲಿ ಆಣೆ ಹೋಗಿ ಎಷ್ಟೋ ಕಾಲವಾಯಿತು. ಹೊಲದಲ್ಲಿ ಇನ್ನೂ ಇದೆ. "ಹನ್ನೊಂದು ಸರಪಳಿ ನಾಲ್ಕಾಣೆ" ಅಂತ ಸಹಾಯಕ ಕೂಗಿದ್ದು ಕೇಳಿ ಖುಷಿಯಾಯಿತು. ಮೈಸೂರು ಸೀಮೆಯಲ್ಲಿ ಈ ರೀತಿಯ ಸರ್ವೆ ಶುರುವಾಗಿದ್ದು 1863ರಲ್ಲಿ. ಆಗಿನ ಆಣೆ ಲೆಕ್ಕವೇ ನಮ್ಮ ಹೊಲದಲ್ಲಿ ಅವತ್ತು ನಡೆಯುತ್ತಿತ್ತು.

ಗಡಿ ಗುರುತಿನ ಮೊದಲ ಬಾಂದು ಕಲ್ಲು ಬೇಲಿಯೊಳಗೆ ಸಿಕ್ಕಿತು. ಎರಡನೆಯದೂ ಸಿಕ್ಕಿತು. ಮೂರನೆಯದು ಇರಬೇಕಾದ ಕಡೆ ಹಾರೆ ಹಾಕಿ ಕೆದಕಿದರು. ಏನೂ ಇಲ್ಲ. ಸರ್ವೆಯವರು ಟಿಪ್ಪಣಿ ನೋಡಿದರು, ನೆಲ ನೋಡಿದರು, ಮತ್ತೆ ಟಿಪ್ಪಣಿ ನೋಡಿದರು.

"ಇಲ್ಲೊಂದು ಹಳ್ಳ ಇರಬೇಕಲ್ಲ ಸಾರ್?"

ಅಣ್ಣ ನನ್ನ ಮುಖ ನೋಡಿದ. ನಾನು ನಕಾಶೆಗೆ ಬಗ್ಗಿದೆ. ನಮ್ಮ ಸರ್ವೆ ನಂಬರಿಗೂ ಮಾವನ ನಂಬರಿಗೂ ನಡುವೆ ಜೋಡಿ ಗೆರೆ, ಹಾವಿನ ಹಾಗೆ ಬಳುಕಿಕೊಂಡು ಕೆರೆಯವರೆಗೂ ಹೋಗಿತ್ತು. ತಲೆ ಎತ್ತಿದರೆ ಎದುರಿಗೆ ಚೊಕ್ಕವಾಗಿ ಉತ್ತ ಹೊಲ.

"ಬಿ ಖರಾಬು ಇದು. ನಿಮ್ಮದೂ ಅಲ್ಲ, ಅವರದೂ ಅಲ್ಲ, ಸರ್ಕಾರದ್ದು. ಎಲ್ಲಿ ಹೋಯ್ತು?"

ಬಂಡೆ, ಕಲ್ಲುಗುಂಡು ಇದ್ದು ಉಳುಮೆಗೆ ಬಾರದ ಜಾಗ ಎ ಖರಾಬು. ದಾರಿ, ಹಳ್ಳ, ಮಸಣ, ಹೀಗೆ ಊರಿಗೆಲ್ಲ ಸೇರಿದ್ದು ಬಿ ಖರಾಬು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನು ಬಂತು? ನಾವು ಆ ಹೊಲವನ್ನು ಕರೆಯೋದೇ ಹಳ್ಳದ ಹೊಲ ಅಂತ. ಹಳ್ಳ ಎಲ್ಲಿ ಅಂತ ಆರು ವರ್ಷದಿಂದ ಒಬ್ಬರೂ ಕೇಳಿರಲಿಲ್ಲ.

ಬದುವಿನ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ ದೊಡ್ಡಯ್ಯ ಆಗ ಬಾಯಿ ಬಿಟ್ಟರು.

"ಎಲ್ಲಿಗೋಯ್ತದಲಾ? ನೀವು ಶುಂಠಿಗೆ ಕೊಟ್ರಲ್ಲ, ಅವತ್ತೇ ಹೋಯ್ತು."

ಹೌದು. ಆರು ವರ್ಷದ ಹಿಂದೆ ಒಂದು ಬೆಳೆಗೆ ಅಂತ ಹೊಲವನ್ನು ಶುಂಠಿಯವರಿಗೆ ಕೊಟ್ಟಿದ್ದೆವು. ಅವರು ಜೆಸಿಬಿ ತಂದು ಎರಡೇ ದಿನದಲ್ಲಿ ಉಬ್ಬು ತಗ್ಗು ಎಲ್ಲ ಮಟ್ಟ ಮಾಡಿದರು. ಹೊಲ ನೋಡೋಕೆ ಚಂದ ಆಯಿತು. ಮುಂಗಡ ಬಂದಿತ್ತು, ಅಪ್ಪನ ಆಸ್ಪತ್ರೆ ಖರ್ಚಿಗೆ ಆಯಿತು. ಬೇಡ ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮುಂದಿನ ಮುಂಗಾರಿಗೆ ದಿಬ್ಬದ ನೀರು ದಾರಿ ಕಾಣದೆ ಮಾವನ ಹೊಲಕ್ಕೆ ನುಗ್ಗಿತಂತೆ. ಎರಡು ಸಲ ಬದು ಕೊಚ್ಚಿಹೋದ ಮೇಲೆ ಅವರು ಇನ್ನೂ ಮೇಲಕ್ಕೆ ಸರಿದು, ಕಲ್ಲು ಕಟ್ಟಿ ಗಟ್ಟಿ ಬದು ಹಾಕಿದರು. ಅದನ್ನೇ ನಾವು ಒತ್ತುವರಿ ಅಂದಿದ್ದು.

"ಅದು ನೀರುಗಂಟಿ ಹೊಲ ಕಣ್ಲಾ," ಅಂದರು ದೊಡ್ಡಯ್ಯ, ಮಾವನ ಕಡೆ ಗಲ್ಲ ತೋರಿಸಿ. "ಅವ್ರ ತಾತ ಮಳೆ ಬಂದ ರಾತ್ರೀಲೂ ಗುದ್ದಲಿ ಹೊತ್ಕೊಂಡು ಈ ಹಳ್ಳದುದ್ದಕ್ಕೂ ಓಡೋನು. ಎಲ್ಲಾರ ಕಸ ಕಟ್ಕೊಂಡ್ರೆ ಬಿಡಿಸೋನು. ಅದಕ್ಕೇ ಈ ಹೊಲ ಕೊಟ್ಟಿದ್ದು."

ತೋಟಿ, ತಳವಾರ, ನೀರುಗಂಟಿ ಇವರಿಗೆಲ್ಲ ಸಂಬಳದ ಬದಲು ಜಮೀನು ಇರುತ್ತಿತ್ತು. 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು. ವಂಶಪಾರಂಪರ್ಯದ ಹುದ್ದೆ ಹೋಗಿದ್ದು ಒಳ್ಳೆಯದೇ, ಅದರಲ್ಲಿ ಜಾತಿಯ ನೊಗ ಇತ್ತು. ಆದರೆ ನಮ್ಮೂರಲ್ಲಿ ಹಳ್ಳ ನೋಡಿಕೊಳ್ಳೋ ಕೆಲಸ ಯಾರ ಹೆಗಲಿಗೂ ಬೀಳಲಿಲ್ಲ. ಕೆರೆ ಯಾಕೆ ತುಂಬ್ತಿಲ್ಲ ಅಂತ ವರ್ಷಾ ವರ್ಷ ಮಳೆಯನ್ನು ಬಯ್ಯೋದು ಮಾತ್ರ ಎಲ್ಲರ ಪಾಲಿಗೂ ಬಂತು.

ಊಟಕ್ಕೆ ಸರ್ವೆಯವರು ನಮ್ಮ ಮನೆಗೆ ಬರಲಿಲ್ಲ. ಅತ್ತಿಗೆ ಹಿತಕಿದ ಅವರೆಬೇಳೆ ಸಾರು, ಮುದ್ದೆ ಮಾಡಿದ್ದರು. "ಬೇಡಿ ಸಾರ್, ಆಮೇಲೆ ಅವರು ಒಂದು ಮಾತು ಅಂತಾರೆ" ಅಂದು ತಮ್ಮ ಡಬ್ಬಿ ತೆಗೆದುಕೊಂಡು ಹಾಳೂರಿನ ವೀರಗಲ್ಲಿನ ಹತ್ತಿರ ಹೋಗಿ ಕೂತರು. ನಾನೂ ಹೋದೆ.

ಹಾಳೂರು ಅಂದರೆ ನಮ್ಮ ಹೊಲದ ಮೇಲಿನ ದಿಬ್ಬ. ಉಳುವಾಗ ಮಡಕೆ ಚೂರು ಸಿಗುತ್ತವೆ. ಕಂದಾಯದ ಲೆಕ್ಕದಲ್ಲಿ ಅದು ಈಗಲೂ ಬೇರೆ ಗ್ರಾಮವೇ. ಹೆಸರಿನ ಮುಂದೆ ಬೇಚರಾಕ್ ಅಂತ ಬರೆದಿರುತ್ತದೆ. ಪಾರ್ಸಿ ಮಾತು, ದೀಪ ಇಲ್ಲದ್ದು ಅಂತ ಅರ್ಥ. ದೀಪ ಹಚ್ಚೋರಿಲ್ಲದ ಊರು. ಯಾವ ಗುಮಾಸ್ತ ಮೊದಲು ಬಳಸಿದನೋ, ಸರ್ಕಾರಿ ಕಡತದಲ್ಲಿ ಇಷ್ಟು ಚಂದದ ಮಾತು ನಾನು ಬೇರೆ ಕಂಡಿಲ್ಲ. ಊರು ಯಾಕೆ ಖಾಲಿ ಆಯಿತು ಅಂದರೆ ದೊಡ್ಡಯ್ಯ ಪ್ಲೇಗು ಅಂತಾರೆ, ಅಜ್ಜಿ ಇರುವೆ ಕಾಟ ಅಂತಿದ್ದಳು. ಮೈಸೂರು ಸೀಮೆಗೆ ಪ್ಲೇಗು ಬಂದಿದ್ದು 1898ರಲ್ಲಿ. ಅದಕ್ಕಿಂತ ಮೊದಲೇ ಹಾಳಾದ ಊರುಗಳ ತಲೆಗೂ ಜನ ಅದನ್ನೇ ಕಟ್ಟುತ್ತಾರೆ. ನನಗೆ ಇರುವೆಯ ಕಥೆಯೇ ಇಷ್ಟ.

ವೀರಗಲ್ಲು ನನ್ನ ಎದೆಯ ಎತ್ತರ ಇದೆ. ಕೆಳಗಿನ ಅಂಕಣದಲ್ಲಿ ಬಿಲ್ಲು ಹಿಡಿದವನು, ಅವನ ಕಾಲ ಹತ್ತಿರ ಎರಡು ದನ. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ಅದರ ಪಕ್ಕ ಕೈ ಮುಗಿದು ಕೂತವನು. ದನ ಬಿಡಿಸೋಕೆ ಹೋಗಿ ಸತ್ತವನು. ಬಲಗಡೆ ಅಂಚು ನುಣ್ಣಗೆ ಸವೆದು ಒಳಕ್ಕೆ ಬಾಗಿದೆ. ಅದು ನಮ್ಮ ಕೆಲಸ. ರಾಗಿ ಕುಯ್ಲಿಗೆ ಮುಂಚೆ ಎಲ್ಲರೂ ಕುಡುಗೋಲು ಮಸೆಯೋದು ಅಲ್ಲೇ.

"ಹಲ್ಮಿಡಿ ಇಲ್ಲೇ ಹತ್ತಿರ ಅಲ್ವಾ ಸಾರ್?" ಅಂತ ಸರ್ವೆಯವರು ಕೇಳಿದರು.

ಬೈಕಿನಲ್ಲಿ ಹೋಗಿ ಬರುವಷ್ಟು ಹತ್ತಿರ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನದ ಊರು. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿರೋದು ಪ್ರತಿಕೃತಿ. ಸುಮಾರು ಕ್ರಿ.ಶ. 450ರದು ಅಂತಾರೆ. ಕನ್ನಡದ ಹಳೇ ಶಾಸನ ಅಂತ ಎಲ್ಲರೂ ಓದಿರುತ್ತಾರೆ. ಅದರೊಳಗೆ ಇರೋದು ಏನು ಅಂದರೆ ಜಮೀನಿನ ಕಾಗದ. ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಅನ್ನೋ ಎರಡು ಊರನ್ನು ಬಾಳ್ಗಳ್ಚು ಕೊಟ್ಟ ವಿಷಯ. ಅಂದರೆ ಕತ್ತಿ ತೊಳೆದು ಕೊಟ್ಟ ದತ್ತಿ. ಹಾಲು ಮೊದಲು ಪಾಲ್ ಆಗಿತ್ತಲ್ಲ, ಹಾಗೇ ಪಲ್ಮಿಡಿ ಹೋಗಿ ಹಲ್ಮಿಡಿ ಆಗಿದೆ. ಇದನ್ನು ಕಸಿದುಕೊಂಡವನು ಮಹಾಪಾತಕಿ ಅಂತ ಎಚ್ಚರಿಕೆಯೂ ಇದೆ.

ಸರ್ವೆಯವರು ಡಬ್ಬಿ ಮುಚ್ಚುತ್ತಾ ನಕ್ಕರು. "ನಮ್ಮ ಮಹಜರಲ್ಲಿ ಆ ಸಾಲಿಲ್ಲ ಸಾರ್. ಇದ್ದಿದ್ದರೆ ಅರ್ಧ ಅರ್ಜಿ ಕಡಿಮೆ ಆಗ್ತಿದ್ವು."

ನಾನು ನಗಲಿಲ್ಲ. ಮಧ್ಯಾಹ್ನದ ಲೆಕ್ಕ ಹೇಗೆ ಬರಬಹುದು ಅಂತ ಆಗಲೇ ಅಂದಾಜಾಗಿತ್ತು.

ಲೆಕ್ಕ ನಾಲ್ಕು ಗಂಟೆಗೆ ಬಂತು. ಮಾವನ ಬದು ಖರಾಬಿನೊಳಗೆ ಅರ್ಧ ಗುಂಟೆ ಬಂದಿತ್ತು. ನಮ್ಮ ಉಳುಮೆ ಮೂರು ಗುಂಟೆ ಬಂದಿತ್ತು. ಅರ್ಜಿ ಹಾಕಿದವರು ನಾವು, ದುಡ್ಡು ಕಟ್ಟಿದವರು ನಾವು. ಅಣ್ಣ ಮಹಜರಿಗೆ ಸಹಿ ಹಾಕುವಾಗ ಪೆನ್ನು ಮೂಡಲಿಲ್ಲ. ಎರಡು ಸಲ ಅಂಗೈ ಮೇಲೆ ಗೀಚಿಕೊಂಡ. ಮಾವ ತಮ್ಮ ಜೇಬಿನ ಪೆನ್ನು ತೆಗೆದು ಕೊಟ್ಟರು. ಏನೂ ಮಾತಾಡಲಿಲ್ಲ.

ಕಲ್ಲು ನೆಟ್ಟಿದ್ದಾಯಿತು. ಸರ್ವೆಯವರ ಬೈಕು ಕೆರೆ ಏರಿ ಮೇಲೆ ಸಣ್ಣಗಾಗುತ್ತಾ ಹೋಯಿತು. ನಾವು ನಾಲ್ಕು ಜನ ಉಳಿದೆವು. ಇಲ್ಲದ ಹಳ್ಳದ ಎರಡೂ ದಂಡೆಯಲ್ಲಿ ಇಬ್ಬಿಬ್ಬರು ನಿಂತ ಹಾಗೆ ಇತ್ತು. ಮುಚ್ಚಿಸೋಕೆ ಒಂದು ರೂಪಾಯಿ ಖರ್ಚಾಗಿರಲಿಲ್ಲ, ತೆಗೆಸೋಕೆ ಗಂಟೆ ಲೆಕ್ಕದಲ್ಲಿ ಜೆಸಿಬಿಗೆ ಕೊಡಬೇಕು. ಎಷ್ಟು ಆಳ ತೆಗೆಸಬೇಕು ಅಂತ ಅಣ್ಣ ದೊಡ್ಡಯ್ಯನನ್ನು ಕೇಳಿದ.

ಉತ್ತರ ಆ ಕಡೆಯಿಂದ ಬಂತು.

"ಮಂಡಿಮಟ್ಟ ಸಾಕು ಕಣಪ್ಪ. ಮಿಕ್ಕಿದ್ದು ನೀರೇ ತೋಡ್ಕೊಳ್ತದೆ."

"ಆಯ್ತು ಮಾವ" ಅಂದ ಅಣ್ಣ.

ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.