ಸುಕ್ಕಿಲ್ಲದ ಹಾಯಿ

ಎರಡು ವಾರ ಆಯಿತು, ಇನ್ನೂ ಮನಸ್ಸಿಗೆ ಚುಚ್ಚುತ್ತಿದೆ. ಪೀಣ್ಯದ ನಮ್ಮ ದೋಣಿ ಶೆಡ್ಡಿನಲ್ಲಿ ಹಾಯಿ ಚೆಂದ ಕಂಡಿತು ಅಂತ ನಂಬಿಬಿಟ್ಟೆ. ಅಲ್ಲಿ ಗಾಳಿಯೇ ಆಡುವುದಿಲ್ಲ.

14 ಅಡಿಯ ಫೈಬರ್ ದೋಣಿ, ಮೊದಲು ಸ್ಲೂಪ್ ಆಗಿತ್ತು, ಅಂದರೆ ಒಂದು ಮಾಸ್ಟ್ (ಹಾಯಿಕಂಬ), ಅದರ ಹಿಂದೊಂದು ದೊಡ್ಡ ಹಾಯಿ, ಮುಂದೊಂದು ಚಿಕ್ಕ ಹಾಯಿ (ಜಿಬ್). ಗಿರಾಕಿಗೆ ಜಂಕ್ ರಿಗ್ ಬೇಕಿತ್ತು, ಅಂದರೆ ಅಡ್ಡಪಟ್ಟಿಗಳಿರುವ ಒಂದೇ ಹಾಯಿಯ ಚೀನೀ ಬಗೆಯ ಜೋಡಣೆ. 1960ರ ಅಟ್ಲಾಂಟಿಕ್ ಒಂಟಿ ರೇಸಿನಲ್ಲಿ ಹ್ಯಾಸ್ಲರ್ ಅನ್ನುವವರು 'ಜೆಸ್ಟರ್' ಎಂಬ ಪುಟ್ಟ ದೋಣಿಗೆ ಇದೇ ರಿಗ್ ಹಾಕಿ ಎರಡನೆಯವರಾಗಿ ಬಂದಿದ್ದರು. "ಕೂತಲ್ಲಿಂದಲೇ ರೀಫ್ ಮಾಡಬಹುದು, ಅಲ್ವಾ? ನನಗೂ ಅದೇ ಬೇಕು" ಅಂದರು ಗಿರಾಕಿ. ರೀಫ್ ಅಂದರೆ ಗಾಳಿ ಜಾಸ್ತಿಯಾದಾಗ ಹಾಯಿಯನ್ನು ಚಿಕ್ಕದು ಮಾಡುವುದು.

ಶ್ರೌಡ್ (ಮಾಸ್ಟನ್ನು ಹಿಡಿದಿಡುವ ತಂತಿ) ಎಲ್ಲ ಕಿತ್ತು ದಪ್ಪ ಪೈಪಿನ ಮಾಸ್ಟ್ ನಿಲ್ಲಿಸಿದೆವು. ಎಸ್.ಪಿ. ರೋಡಿನಿಂದ ಅಲ್ಯೂಮಿನಿಯಂ ಪೈಪು ತಂದು ಹಾಯಿಯ ಅಡ್ಡಪಟ್ಟಿ, ಅಂದರೆ ಬ್ಯಾಟನ್ ಮಾಡಿದೆವು. ಸ್ಟೆಪ್ (ಮಾಸ್ಟಿನ ಬುಡ ಕೂರುವ ಜಾಗ) ಮಾತ್ರ ಹಳೇ ಜಾಗದಲ್ಲೇ ಇರಲಿ ಅಂದವನು ನಾನೇ. ಮುಂದಕ್ಕೆ ಕೂರಿಸಬೇಕಾದರೆ ಡೆಕ್ ಕೊಯ್ಯಬೇಕು, ನಾಲ್ಕು ದಿನ ಹೋಗುತ್ತದೆ. ಶೆಡ್ ಓನರ್ ನಮ್ಮನ್ನು ಒಂದು ಮಾತೂ ಕೇಳದೆ ಶನಿವಾರದ ಡೆಲಿವರಿ ಒಪ್ಪಿಕೊಂಡಿದ್ದರು. ಜಿಬ್ ಹೋದ ಮೇಲೆ ಎಳೆತವೆಲ್ಲ ಹಿಂದಕ್ಕೆ ಬರುತ್ತದೆ, ಮೂತಿ ಗಾಳಿ ಕಡೆಗೆ ತಿರುಗುತ್ತದೆ ಅಂತ ನನಗೆ ಗೊತ್ತಿತ್ತು. ಹಾಯಿಯನ್ನು ಮಾಸ್ಟಿನಿಂದ ಸ್ವಲ್ಪ ಜಾಸ್ತಿ ಮುಂದಕ್ಕೆ ಬಿಟ್ಟರೆ ಸಾಕು ಅಂದುಕೊಂಡೆ.

ಹಾಗೆ ಬಿಟ್ಟಾಗ ಬ್ಯಾಟನ್‌ಗಳ ನಡುವಿನ ಬಟ್ಟೆಯಲ್ಲಿ, ಮೇಲಿನ ಎರಡು ಪ್ಯಾನೆಲ್‌ಗಳಲ್ಲಿ ಓರೆ ಸುಕ್ಕು ಬಂತು. ಓನರ್ ಫೋಟೋ ತೆಗೆಯಲು ಬಂದು, "ಏನಪ್ಪಾ, ಹಿಂಗಾ ಕೊಡೋದು?" ಅಂದರು. ಹಾಯಿಯ ಮುಂದಿನ ಅಂಚನ್ನು ಮಾಸ್ಟಿನ ಕಡೆಗೆ ಹಿಂದಕ್ಕೆ ಎಳೆಯುವ ಹಗ್ಗ, ಲಫ್ ಹಾಲಿಂಗ್ ಪ್ಯಾರಲ್, ಎಳೆದೆ. ಹಾಯಿ ಇಸ್ತ್ರಿ ಹಾಕಿದ ಹಾಗಾಯಿತು. ಜೊತೆಗೆ ಇಡೀ ಹಾಯಿ ಒಂದು ಗೇಣು ಹಿಂದಕ್ಕೆ ಬಂದಿತ್ತು. ನೋಡಿದೆ, ಸುಮ್ಮನಾದೆ. ನೀಟಾಗಿ ಕಾಣಲಿ ಅಂತ, ಬ್ಯಾಟನ್ನುಗಳನ್ನು ಮಾಸ್ಟಿಗೆ ಹಿಡಿದಿಡುವ ಬ್ಯಾಟನ್ ಪ್ಯಾರಲ್‌ಗಳನ್ನೂ ಬಿಗಿ ಮಾಡಿದೆ.

ಶನಿವಾರ ಊರ ಹೊರಗಿನ ಕೆರೆಗೆ ಹೋದೆವು. ಆಷಾಢದ ಗಾಳಿ.

"ಅಣ್ಣಾ, ಟಿಲ್ಲರ್ ಹಿಡಿಯೋಕಾಗ್ತಿಲ್ಲ" ಅಂದ ನಮ್ಮ ಹುಡುಗ. ನಾನು ಆ ಚುಕ್ಕಾಣಿಯ ಹಿಡಿಯನ್ನು ಎದೆಗೆ ಎಳೆದುಕೊಂಡರೂ ಮೂತಿ ಗಾಳಿಗೇ ತಿರುಗುತ್ತಿತ್ತು. ಹಾಯಿ ಏರಿಸುವ ಹಗ್ಗ, ಹ್ಯಾಲ್ಯಾರ್ಡ್, ಬಿಟ್ಟೆ. ತನ್ನ ಭಾರಕ್ಕೆ ಇಳಿಯಬೇಕಾದ ಯಾರ್ಡ್ (ಹಾಯಿಯ ಮೇಲಿನ ಅಡ್ಡಕೋಲು) ಒಂದಡಿ ಇಳಿದು ನಿಂತಿತು. ಪ್ಯಾರಲ್‌ಗಳು ಮಾಸ್ಟನ್ನು ಕಚ್ಚಿಕೊಂಡಿದ್ದವು. ದೋಣಿ ಗಾಳಿಗೆ ಮುಖ ಮಾಡಿ ನಿಂತು, ನಿಧಾನಕ್ಕೆ ಹಿಂದಕ್ಕೆ ಸರಿಯತೊಡಗಿತು. ಹಿಂದೆ ಏರಿಯ ಕಲ್ಲುಗಳು. ದೋಣಿಯ ಹಿಂಬದಿಯ ಟ್ರಾನ್ಸಮ್‌ಗೆ ನೀರು ಬಡಿಯುವ ಸದ್ದು. ಏರಿ ಮೇಲೆ ವಿಡಿಯೋ ಮಾಡುತ್ತಿದ್ದ ಗಿರಾಕಿ ಫೋನ್ ಇಳಿಸಿದರು. ನಾನು ಹ್ಯಾಲ್ಯಾರ್ಡನ್ನೇ ಅಲ್ಲಾಡಿಸುತ್ತಾ ಇದ್ದೆ. ಬೇರೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಹುಡುಗನಿಗೆ. ಲಫ್ ಹಾಲಿಂಗ್ ಪ್ಯಾರಲನ್ನು ಹಗ್ಗ ಕಟ್ಟುವ ಕ್ಲೀಟಿನಿಂದ ಬಿಚ್ಚಿಬಿಟ್ಟ. ಹಾಯಿ ಮುಂದಕ್ಕೆ ಜಾರಿತು. ಸುಕ್ಕು ವಾಪಸ್ ಬಂತು. ಯಾರ್ಡ್ ದಡಬಡ ಎರಡು ಪ್ಯಾನೆಲ್ ಇಳಿಯಿತು. ಅವನೇ ಹಾಯಿಯ ಕೆಳಗಿನ ಕೋಲು, ಬೂಮನ್ನು ಗಾಳಿಗೆದುರಾಗಿ ತಳ್ಳಿ ಹಿಡಿದ, ಮೂತಿ ಹೊರಳಿತು. ಕಲ್ಲು ಆಗ ಎರಡು ಮಾರು ದೂರ.

ವಾಪಸ್ ಬರುವಾಗ ಟಿಲ್ಲರ್ ಎಷ್ಟೋ ಹಗುರವಾಗಿತ್ತು. ಆದರೂ ಎಳೆಯುತ್ತಿತ್ತು.

ಸೋಮವಾರ ಡೆಕ್ ಕೊಯ್ದು ಸ್ಟೆಪ್ಪನ್ನು ಒಂದಡಿ ಮುಂದಕ್ಕೆ ಕೂರಿಸಿದೆವು. ನಾಲ್ಕು ದಿನವೇ ಹಿಡಿಯಿತು. ಯಾರ್ಡ್ ತಾನಾಗಿ ಬೀಳುವಷ್ಟು ಪ್ಯಾರಲ್ ಸಡಿಲ ಬಿಟ್ಟೆ. ಓನರ್‌ಗೆ ಫೋಟೋದಲ್ಲಿ ಈಗಲೂ ಸುಕ್ಕು ಕಾಣುತ್ತದಂತೆ. ಕಾಣಲಿ. ಲಫ್ ಹಾಲಿಂಗ್ ಪ್ಯಾರಲ್‌ಗೆ ಒಂದು ಕಡೆ ಕೆಂಪು ಟೇಪು ಸುತ್ತಿದ್ದೇನೆ. ಆ ಗುರುತು ಕ್ಲೀಟ್ ದಾಟುವ ಹಾಗೆ ಎಳೆಯಬೇಡಿ ಅಂತ ಗಿರಾಕಿಗೆ ಕೈ ಹಿಡಿದು ತೋರಿಸಿ ಕಳಿಸಿದೆ.